ಅಕ್ಕನ ಖಾಲಿ ಕಲ್ಲು

ನಿಮ್ಮ ಅಡಿಗೆಮನೆಯ ಕಟ್ಟೆಯ ಮೇಲೆ ಈ ಹೊತ್ತಿಗೆ ಏನೇನು ಇದೆ, ಎದ್ದುಹೋಗಿ ಒಮ್ಮೆ ನೋಡಿ ಬನ್ನಿ. ನಾನು ಕಾಯುತ್ತೇನೆ.

ನೋಡಿದಿರಾ? ನಿಮ್ಮದು ಎಷ್ಟೇ ಇರಲಿ, ನನ್ನದರ ಮುಂದೆ ಅದು ಏನೂ ಅಲ್ಲ. ಇವತ್ತು ಬೆಳಿಗ್ಗೆ ನನ್ನ ಕಟ್ಟೆಯ ಮೇಲೆ ಒಂದು ಮುಳ್ಳುಸೌತೆ, ಹಿಡಿ ಕಳಚಿದ ಸೌಟು, ಅರ್ಧ ತೆಂಗಿನಕಾಯಿ, ದಾರದ ಉಂಡೆ, ಹೋದ ವಾರ ಓದಿ ಮುಗಿಸಿದ ಮದುವೆ ಕಾಗದ, ಮೊಮ್ಮಗನ ಒಂದು ಕಾಲುಚೀಲ ಇದ್ದವು. ಇನ್ನೊಂದು ಕಾಲುಚೀಲ ಎಲ್ಲಿದೆ ಎಂದು ಸೊಸೆ ಕೇಳಿದಳು. ಅದು ನನಗೆ ಹೇಗೆ ಗೊತ್ತಿರಬೇಕು? ಈ ಒಂದು ಕಾಲುಚೀಲ ಇಲ್ಲಿಗೆ ಬಂದದ್ದೇ ನನಗೆ ಗೊತ್ತಿಲ್ಲ. ನಡುವೆ ತರಕಾರಿ ಹೆಚ್ಚುವುದಕ್ಕೆ ಉಳಿದ ಜಾಗ ನನ್ನ ಅಂಗೈಯಷ್ಟು. ಅಲ್ಲೇ ಹೆಚ್ಚುತ್ತೇನೆ. ಹೆಚ್ಚಿದ್ದರಲ್ಲಿ ಕಾಲುಭಾಗ ನೆಲಕ್ಕೆ ಬೀಳುತ್ತದೆ.

ಖಾಲಿ ಜಾಗ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಕೈಯಲ್ಲಿದ್ದದ್ದು ಅಲ್ಲಿಗೆ ಹೋಗಿ ಕುಳಿತುಬಿಡುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಇದಕ್ಕೆ ದೊಡ್ಡ ಕಾರಣ ಹುಡುಕಿ ಬರೆಯಲು ನನ್ನಿಂದಾಗದು. ಜನ ಇದನ್ನು ಕೇಳಿ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಈ ಚಾಳಿಯಿಂದಾಗಿ ನನ್ನ ಅಕ್ಕನ ಸಂಸಾರ ಇನ್ನೇನು ಮುರಿಯುವುದರಲ್ಲಿತ್ತು ಎಂದರೆ ನೀವು ನಂಬಬೇಕು.

ನಮ್ಮದು ಜಾಲ್ಸೂರು. ಕಾಸರಗೋಡಿಗೆ ಹೋಗುವ ದಾರಿ ಕವಲೊಡೆಯುವಲ್ಲೇ ಅಪ್ಪನ ಜೀನಸಿನ ಅಂಗಡಿ, ಅದರ ಹಿಂದೆಯೇ ಮನೆ. ಆಗೆಲ್ಲ ಅಡಿಗೆಮನೆ ಎಂದರೆ ನೆಲ. ಒಲೆ ನೆಲದಲ್ಲಿ, ತರಕಾರಿ ಹೆಚ್ಚುವ ಮೆಟ್ಟುಕತ್ತಿ ನೆಲದಲ್ಲಿ, ಕಡೆಯುವ ಕಲ್ಲು ನೆಲದಲ್ಲಿ, ನಾವೂ ನೆಲದಲ್ಲಿ. ಹಾಲು ಮೊಸರು ಮಾಡಿನಿಂದ ಇಳಿಬಿಟ್ಟ ನೆಲುವಿನಲ್ಲಿ ತೂಗುತ್ತಿದ್ದವು. ಏನನ್ನಾದರೂ ಎಲ್ಲೆಂದರಲ್ಲಿ ಇಡಬೇಕೆಂದರೂ ಸೊಂಟ ಬಗ್ಗಿಸಬೇಕು. ಸೊಂಟ ಬಗ್ಗಿಸುವುದಕ್ಕೆ ನನಗೆ ಸೋಮಾರಿತನ. ಹಾಗಾಗಿ ಹದಿನಾರು ವರ್ಷವಾಗುವವರೆಗೆ ನನ್ನ ಈ ರೋಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಒಳ್ಳೆಯ ಹುಡುಗಿ ಎಂದೇ ಹೆಸರಿತ್ತು.

ಅಕ್ಕ ಶಾರದೆಯನ್ನು ರಾಮಕುಂಜಕ್ಕೆ ಕೊಟ್ಟಿತ್ತು. ಮದುವೆಯಾಗಿ ಎರಡನೆಯ ಮಳೆಗಾಲದಲ್ಲಿ ಬಾವಿಕಟ್ಟೆಯ ಪಾಚಿಯಲ್ಲಿ ಜಾರಿ ಬಿದ್ದಳು. ಮೊಣಕಾಲಿನ ಮೂಳೆ ಕೂಡಿತು, ನೋವು ಹೋಯಿತು, ಆದರೆ ಕಾಲು ಮಡಚುವುದನ್ನು ಮರೆತುಬಿಟ್ಟಿತು. ನಡೆಯುತ್ತಾಳೆ, ನಿಲ್ಲುತ್ತಾಳೆ, ಬೇಕಾದರೆ ಬಸ್ಸು ಹತ್ತುತ್ತಾಳೆ. ನೆಲಕ್ಕೆ ಕೂರುವುದೊಂದು ಆಗುವುದಿಲ್ಲ. ನೆಲದಲ್ಲೇ ನಡೆಯುವ ಅಡಿಗೆಮನೆಯಲ್ಲಿ ಅಂಥವಳಿಗೆ ಏನು ಕೆಲಸ? ಆರೈಕೆಗೆಂದು ತವರಿಗೆ ಕಳಿಸಿದರು. ವರ್ಷ ಕಳೆದರೂ ಆರೈಕೆ ಮುಗಿಯಲಿಲ್ಲ. ಅವಳ ಅತ್ತೆ ಕೆಟ್ಟ ಹೆಂಗಸಲ್ಲ. ಹೇಳುವುದನ್ನು ನೇರ ಹೇಳುವವರು. “ಒಲೆ ಎದುರು ಕೂತುಕೊಳ್ಲಿಕ್ಕೆ ಆಗದ ಸೊಸೆಯನ್ನು ಕರ್ಕೊಂಡು ಹೋಗಿ ನಾನು ಎಂತ ಮಾಡುದು? ಕಾಲು ಮಡಚಿದ ದಿವಸ ಬರ್ಲಿ” ಎಂದಿದ್ದರು. ಕಾಲು ಮಡಚುವ ದಿವಸ ಬರುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನಮಗೂ ಗೊತ್ತಿತ್ತು.

ಭಾವ ಪಾಪ, ಆಗಾಗ ಬಸ್ಸಿಳಿದು ಬರುತ್ತಿದ್ದರು. ಜಗಲಿಯಲ್ಲಿ ಕುಳಿತು ಅಪ್ಪನ ಹತ್ತಿರ ಮಳೆಯ ವಿಷಯ, ಅಕ್ಕಿಯ ವಿಷಯ ಮಾತಾಡುತ್ತ ಒಳಬಾಗಿಲ ಕಡೆಗೇ ನೋಡುತ್ತಿದ್ದರು. ಅಕ್ಕ ಕಾಫಿ ತಂದುಕೊಟ್ಟರೆ ಅದು ಆರಿ ತಣ್ಣಗಾಗುವವರೆಗೆ ಕುಡಿಯುತ್ತಿರಲಿಲ್ಲ. ಕುಡಿದರೆ ಲೋಟ ಒಯ್ಯುತ್ತಾಳಲ್ಲ!

“ಮನುಷ್ಯ ಬಗ್ಗುದಿಲ್ಲ ಅಂತಾದ್ರೆ ಒಲೆ ಏಳ್ಲಿ” ಎಂದರು ಅಪ್ಪ ಒಂದು ದಿನ. ಮಂಗಳೂರಿನ ಹೋಟೆಲೊಂದರಲ್ಲಿ ನಿಂತು ಅಡಿಗೆ ಮಾಡುವುದನ್ನು ಅವರು ನೋಡಿ ಬಂದಿದ್ದರು.

“ನಿಂತು ಅಡಿಗೆ ಮಾಡುದಾ? ಹೋಟೆಲಿನವರ ಹಾಗೆ?” ಅಮ್ಮ ಕೈಯಲ್ಲಿದ್ದ ಹಿಟ್ಟನ್ನೂ ಮರೆತು ನಿಂತಳು. “ನೋಡಿದವರು ಎಂತ ಹೇಳ್ಲಿಕ್ಕಿಲ್ಲ?”

“ಹಸಿದವ ಬಂದು ಊಟ ಆಯ್ತಾ ಅಂತ ಕೇಳ್ತಾನೆ. ನಿಂತು ಮಾಡಿದ್ದಾ ಕೂತು ಮಾಡಿದ್ದಾ ಅಂತ ಕೇಳ್ತಾನಾ?”

ಕಾರ್ಕಳದಿಂದ ಕರಿಕಲ್ಲಿನ ಚಪ್ಪಡಿ ಬಂತು. ಅದು ಬಂದ ದಿನದ ಗೌಜಿ ಹೇಳಿ ಮುಗಿಯುವುದಲ್ಲ! ಇದಿನಬ್ಬ ಬ್ಯಾರಿಯ ಲಾರಿ ಅಂಗಡಿಯ ಮುಂದೆ ನಿಂತಿತು. ಹಿಂದಿನಿಂದ ಬಂದ ಬಸ್ಸಿನ ಕಂಡಕ್ಟರ್ ಇಳಿದು “ಎಂತ ಮಾರಾಯ್ರೆ, ದೇವಸ್ಥಾನ ಕಟ್ಟಿಸ್ತೀರಾ?” ಎಂದ. ಪ್ರಯಾಣಿಕರೆಲ್ಲ ಕಿಟಕಿಗೆ ಬಂದರು. ಆರು ಜನ ಹೊತ್ತರು, ಹತ್ತು ಜನ “ಎಡಕ್ಕೆ, ಬಲಕ್ಕೆ” ಎಂದು ಕೂಗಿದರು. ಅಂಗಳಕ್ಕೆ ಬರುವಾಗ ಅಮ್ಮನ ಮೂಗು ಅರಳಿತು.

“ಇದಿನಬ್ಬ, ಇದು ಎಂತ ವಾಸನೆ? ಲಾರಿಯಲ್ಲಿ ಒಣಮೀನು ತಂದದ್ದಾ?”

“ಮೀನು ನಿನ್ನೆಯೇ ಇಳಿದು ಹೋಗಿದೆ ಅಮ್ಮ. ಕಲ್ಲು ಹತ್ತಿದ್ದು ಇವತ್ತು. ಅವರಿಬ್ಬರಿಗೆ ಮುಖ ಪರಿಚಯವೇ ಇಲ್ಲ.”

ಅಮ್ಮ ನಗಬಾರದೆಂದು ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಆ ಕಲ್ಲಿಗೆ ಬಾವಿಯ ಅರ್ಧ ನೀರು ಖರ್ಚಾಯಿತು. ಒಣಮೀನಿನ ಸಂಗತಿ ರಾಮಕುಂಜದ ಕಡೆಗೆ ಹೋಗಬಾರದೆಂದು ನಮ್ಮೆಲ್ಲರಿಂದಲೂ ಭಾಷೆ ತೆಗೆದುಕೊಂಡಳು. ನಾನು ಈಗ ಬರೆದುಬಿಟ್ಟೆ, ನೋಡಿ.

ಕೆಂಪುಕಲ್ಲಿನ ಕಟ್ಟೆ ಕಟ್ಟಿ, ಮೇಲೆ ಚಪ್ಪಡಿ ಹಾಸಿ, ಒಂದು ತುದಿಯಲ್ಲಿ ಒಲೆ ಮಾಡಿದರು. ಗಾರೆಯವನಿಗೆ ತನ್ನ ಕೆಲಸದ ಮೇಲೆ ಬಹಳ ಹೆಮ್ಮೆ. ಚಪ್ಪಡಿಯ ನಡುವೆ ಒಂದು ಹನಿ ನೀರು ಬಿಟ್ಟು, “ನೋಡಿ, ಎತ್ತ ಹೋಗುದು ಅಂತ ಅದಕ್ಕೇ ಗೊತ್ತಾಗುದಿಲ್ಲ. ಅಷ್ಟು ಮಟ್ಟ” ಎಂದ. ನಾವೆಲ್ಲ ಸುತ್ತ ನಿಂತು ಆ ಹನಿಯನ್ನು ನೋಡಿದೆವು. ನಿಜಕ್ಕೂ ಅದು ಹಂದಲಿಲ್ಲ, ಬಿದ್ದಲ್ಲೇ ಇತ್ತು.

ಮರುದಿನ ಅಕ್ಕ ನಿಂತು ಅನ್ನ ಮಾಡಿದಳು. ಒಂದು ವರ್ಷದಿಂದ ಗೋಡೆಗೊರಗಿ ನಿಂತು ನಮ್ಮ ಕೆಲಸ ನೋಡುತ್ತಿದ್ದವಳು! ಆ ದಿನ ಅವಳ ಕೈಯ ಓಟ ನೀವು ನೋಡಬೇಕಿತ್ತು. ಅಲಸಂಡೆ ಹೆಚ್ಚಿದಳು, ಕಾಯಿ ತುರಿದಳು, ಬೇಳೆ ಕುದಿಸಿದಳು. ಹಾಡು ಬೇರೆ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತು ನೋಡಿಹೋದರು. ಒಬ್ಬಾಕೆ ತಾನೂ ಸೌಟು ಹಿಡಿದು ಒಮ್ಮೆ ನಿಂತು ನೋಡಿ, “ಅಯ್ಯೋ, ದೊರೆಸಾನಿ ಆದ ಹಾಗೆ ಆಗ್ತದೆ” ಎಂದಳು.

ನನ್ನ ರೋಗ ಹೊರಬಿದ್ದದ್ದೂ ಆಗಲೇ. ಕೈಯ ಎತ್ತರಕ್ಕೆ ಸರಿಯಾಗಿ, ಕನ್ನಡಿಯ ಹಾಗೆ ಹೊಳೆಯುವ, ಉದ್ದಾನುದ್ದ ಖಾಲಿ ಜಾಗ! ಬಗ್ಗಬೇಕಾಗಿಯೇ ಇಲ್ಲ. ಮೊದಲ ದಿನ ರಿಬ್ಬನ್ ಇಟ್ಟೆ. ಎರಡನೆಯ ದಿನ ಬಾಚಣಿಗೆ, ಬೆಂಕಿಪೆಟ್ಟಿಗೆ, ಅರ್ಧ ಕಡಿದ ಪೇರಳೆ. ಅಪ್ಪ ತನ್ನ ಕನ್ನಡಕಕ್ಕಾಗಿ ಅಂಗಡಿಯೆಲ್ಲ ಹುಡುಕಿಸಿ ಸಾಕಾದಾಗ ಅದು ಕಲ್ಲಿನ ಮೇಲೆ ಬೆಂಡೆಕಾಯಿಯ ನಡುವೆ ಸಿಕ್ಕಿತು. ಯಾರು ತಂದಿಟ್ಟರೆಂದು ಯಾರೂ ಕೇಳಲಿಲ್ಲ.

“ಪದ್ದೂ, ಇದು ಬಸ್‌ಸ್ಟ್ಯಾಂಡು, ಛತ್ರ ಅಲ್ಲ” ಎನ್ನುತ್ತಿದ್ದಳು ಅಕ್ಕ. “ಬಂದ ಸಾಮಾನು ಕೆಲಸ ಮುಗಿಸಿ ಹೋಗ್ಬೇಕು. ಯಾರೂ ಇಲ್ಲಿ ವಾಸ ಮಾಡುವ ಹಾಗಿಲ್ಲ.”

“ಒಂದು ಪೇರಳೆ ಇಟ್ರೆ ನಿನ್ನ ಕಲ್ಲು ಸವೆದು ಹೋಗ್ತದಾ?”

“ನಿನ್ನ ಪೇರಳೆಗೆ ನೆಂಟರು ಜಾಸ್ತಿ. ಅದರ ಹಿಂದೆಯೇ ಬಾಚಣಿಗೆ ಬರ್ತದೆ, ಬಾಚಣಿಗೆ ಹಿಂದೆ ಕೂದಲು ಬರ್ತದೆ. ತೆಗಿ, ತೆಗಿ.”

ಅಕ್ಕನ ಈ ಹಟಕ್ಕೆ ಶುಚಿಯೊಂದೇ ಕಾರಣವಲ್ಲ. ನಮ್ಮಲ್ಲಿ ಅನ್ನ ತಾಗಿದ್ದೆಲ್ಲ ಮುಸುರೆ. ಅನ್ನ ಮುಟ್ಟಿದ ಕೈಯಲ್ಲಿ ತೊಳೆಯದೆ ಹಾಲು, ಮೊಸರು, ಉಪ್ಪಿನಕಾಯಿ ಮುಟ್ಟುವಂತಿಲ್ಲ. ಅನ್ನದ ಪಾತ್ರೆಯ ಜಾಗ ಬೇರೆ, ಇವುಗಳ ಜಾಗ ಬೇರೆ. ಜಾಲ್ಸೂರಿನಲ್ಲಿ ನಿಂತು ಅಡಿಗೆ ಮಾಡುವ ಕಲ್ಲು ಬಂದಿದೆ, ನಾವೂ ಒಂದು ಹಾಕಿಸೋಣ, ಅವಳನ್ನು ಕರೆತರೋಣ ಎಂದು ಭಾವ ಮನೆಯಲ್ಲಿ ಬಾಯಿ ಬಿಟ್ಟಾಗ ಅವರ ಅಮ್ಮ ಕೇಳಿದ್ದು ಒಂದೇ ಮಾತು: “ಕಲ್ಲು ಒಂದೇ ಅಲ್ವಾ? ಆ ತುದಿಯಲ್ಲಿ ಅನ್ನ, ಈ ತುದಿಯಲ್ಲಿ ಹಾಲು. ನಡುವೆ ಮುಸುರೆ ಎಲ್ಲಿ ನಿಲ್ತದೆ, ಅದನ್ನು ಹೇಳು.”

ಭಾವ ಈ ಪ್ರಶ್ನೆಯನ್ನು ಹೊತ್ತು ನಮ್ಮ ಜಗಲಿಗೆ ಬಂದರು. ಏನು ಚರ್ಚೆ ನಡೆಯಿತು ಅಂತೀರಿ! ನೆಲವೂ ಒಂದೇ ಅಲ್ಲವೇ ಎಂದರು ಅಪ್ಪ. ನೆಲಕ್ಕೆ ದಿನಾ ಸೆಗಣಿ ಸಾರಿಸುತ್ತೇವಲ್ಲ ಎಂದಳು ಅಮ್ಮ. ನಡುವೆ ಒಂದು ಗೀಟು ಹಾಕಿಸಿದರೆ ಹೇಗೆ ಎಂದರು ಭಾವ. ಅವರು ಕಾಫಿ ಲೋಟವನ್ನು ಹಾಗೇ ಹಿಡಿದುಕೊಂಡಿದ್ದರು. ಒಳಗಿನಿಂದ ಅಕ್ಕ ಹೇಳಿದಳು: “ಕಲ್ಲಿನ ಮೇಲೆ ಎಂತದೂ ಇಟ್ಟುಕೊಳ್ಳದಿದ್ರೆ ಆಯ್ತಲ್ಲ. ಅನ್ನದ ಕೆಲಸ ಮುಗೀತು, ಎತ್ತಿದೆ, ನೀರು ಹೊಯ್ದು ಒರೆಸಿದೆ. ಆಮೇಲೆ ಹಾಲು ಬಂತು. ಒಂದೇ ಸರ್ತಿಗೆ ಇಬ್ಬರು ಇಲ್ಲ. ಅತ್ತೆಯನ್ನು ಬಂದು ನೋಡ್ಲಿಕ್ಕೆ ಹೇಳಿ.”

ಅತ್ತೆ ಬಂದೇ ಬರುತ್ತೇನೆಂದು ಹೇಳಿ ಕಳಿಸಿದರು. ನಮ್ಮ ಮನೆಯಲ್ಲಿ ಮದುವೆಯ ಸಡಗರ. ಅವರು ಒಪ್ಪಿದರೆ ಅಕ್ಕ ಗಂಡನ ಮನೆಗೆ, ಒಪ್ಪದಿದ್ದರೆ ಅಕ್ಕ ಕೊನೆಯವರೆಗೆ ನಮ್ಮಲ್ಲಿಯೇ. ನನಗೆ ವಹಿಸಿದ ಕೆಲಸ ಒಂದೇ. “ನೀನು ಎಂತ ಮಾಡುದೂ ಬೇಡ. ಕಲ್ಲಿನ ಮೇಲೆ ಎಂತದೂ ಇಡದಿದ್ರೆ ಸಾಕು” ಎಂದಿದ್ದಳು ಅಕ್ಕ. ಇದಕ್ಕಿಂತ ಸುಲಭದ ಕೆಲಸ ಲೋಕದಲ್ಲಿ ಯಾರಿಗಾದರೂ ಸಿಕ್ಕೀತೇ?

ಅತ್ತೆ ಭಾವನ ಜೊತೆ ಬಸ್ಸಿಳಿದದ್ದು ಕಂಡದ್ದೇ ನಾನು ಓಡಿದೆ. ಅತ್ತೆ ಕೈಯಲ್ಲಿದ್ದ ಭರಣಿಯನ್ನು ನನಗೆ ಕೊಟ್ಟರು. ಅವರೇ ಹಾಕಿದ ಮಾವಿನ ಮಿಡಿಯ ಉಪ್ಪಿನಕಾಯಿ, ಬಾಯಿಗೆ ಬಟ್ಟೆ ಬಿಗಿದದ್ದು. “ಜೋಪಾನ ಕೂಸೇ, ಒಳಗೆ ಕತ್ತಲೆ ಕೋಣೆಯಲ್ಲಿ ಇಡು” ಎಂದರು. ಕೈಕಾಲು ತೊಳೆದು ಒಳಗೆ ಬಂದು ಮಣೆಯ ಮೇಲೆ ಕುಳಿತರು. ಕುಳಿತದ್ದೇ “ಅಮ್ಮಾ, ದೇವರೇ” ಎಂದು ಎರಡೂ ಮೊಣಕಾಲನ್ನು ಉಜ್ಜಿಕೊಂಡರು. ಅಕ್ಕ ಆಗ ಅನ್ನ ಬಸಿಯುವುದರಲ್ಲಿದ್ದಳು. ಅವಳ ಕ್ರಮ ಹೀಗೆ: ಗಂಜಿ ತಿಳಿ ಬೀಳುವ ಬೋಗುಣಿಯನ್ನು ಕಲ್ಲಿನ ಮೇಲೆ ದಿನಾ ಇಡುವ ಜಾಗದಲ್ಲೇ ಇಟ್ಟು, ಅನ್ನದ ಪಾತ್ರೆಯ ಬಾಯಿಗೆ ಹಲಗೆ ಒತ್ತಿ ಹಿಡಿದು, ಮುಖಕ್ಕೆ ಬರುವ ಹಬೆಗೆ ಕಣ್ಣು ಮುಚ್ಚಿಕೊಂಡು ಬಗ್ಗಿಸುವುದು.

ಅವಳು ಪಾತ್ರೆ ಎತ್ತಿಕೊಳ್ಳಲು ಒಲೆಯ ಕಡೆ ತಿರುಗಿದ್ದಳು. ಅಷ್ಟರಲ್ಲಿ ಅಮ್ಮ “ಪದ್ದೂ, ಅತ್ತೆಗೆ ಕುಡಿಲಿಕ್ಕೆ ಬೆಲ್ಲ ನೀರು ಕೊಡು” ಎಂದಳು. ಕತ್ತಲೆ ಕೋಣೆ ದೂರ, ಕಲ್ಲು ಹತ್ತಿರ. ಬೋಗುಣಿಯನ್ನು ಒಂದು ಗೇಣು ಆಚೆ ಸರಿಸಿ ಭರಣಿಯನ್ನು ಅಲ್ಲಿಟ್ಟು ನಾನು ಬೆಲ್ಲಕ್ಕೆ ಓಡಿದೆ.

ಅಕ್ಕ ಪಾತ್ರೆ ತಂದಳು, ಕಣ್ಣು ಮುಚ್ಚಿದಳು, ಬಗ್ಗಿಸಿದಳು.

ತಿಳಿ ಸೀದಾ ಭರಣಿಯ ಬದಿಯ ಕಲ್ಲಿಗೆ ಬಿತ್ತು. ಬೇರೆ ಕಲ್ಲಾಗಿದ್ದರೆ ಒಂದು ಕಡೆ ಹರಿದು ಹೋಗುತ್ತಿತ್ತೋ ಏನೋ. ನಮ್ಮ ಗಾರೆಯವನ ಮಟ್ಟದ ಕಲ್ಲಿನಲ್ಲಿ ಅದು ನಾಲ್ಕೂ ದಿಕ್ಕಿಗೆ ಹೊರಟಿತು. ಭರಣಿಯ ಬುಡವನ್ನು ಸುತ್ತಿತು, ಮೇಲಕ್ಕೆ ಸಿಡಿದು ಬಟ್ಟೆಯನ್ನು ನೆನೆಸಿತು, ಆಚೆಯ ಅಂಚಿನವರೆಗೆ ಹೋಯಿತು. ಮುಸುರೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರ ಕಣ್ಣೆದುರಿಗೇ ಅದು ಎಲ್ಲಿಯೂ ನಿಲ್ಲಲಿಲ್ಲ.

ನಾನು ಬೆಲ್ಲದ ಅಚ್ಚು ಹಿಡಿದುಕೊಂಡು ನಿಂತಲ್ಲೇ ನಿಂತೆ. ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಭಾವ ಹಿಂದೆ ಸರಿದರು. ಅಕ್ಕ ಪಾತ್ರೆಯನ್ನು ಮೆಲ್ಲ ಕೆಳಗಿಳಿಸಿದಳು. ಭರಣಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ.

“ಅತ್ತೆ, ಕಲ್ಲಿನದ್ದು ತಪ್ಪಲ್ಲ. ಭರಣಿ ಅಲ್ಲಿ ಇಡಬಾರ್ದಿತ್ತು. ನಾನು ಇಟ್ಟದ್ದು” ಎಂದಳು.

ಆ ಮಾತು ನನಗೆ ಈಗಲೂ ಮೈಗೆ ಬಿಸಿ ತಿಳಿ ಬಿದ್ದ ಹಾಗೆ. “ಅಲ್ಲ ಅತ್ತೆ! ಅವಳಲ್ಲ, ನಾನು ಇಟ್ಟದ್ದು, ನಾನು!” ಎಂದು ಕಿರುಚಿದೆ.

“ಬೊಬ್ಬೆ ಹಾಕ್ಬೇಡ, ನಂಗೆ ಕಿವಿ ಕೇಳ್ತದೆ” ಎಂದರು ಅತ್ತೆ. “ನೀನು ಇಟ್ಟದ್ದು ಅಂತ ಗೊತ್ತುಂಟು. ಭರಣಿ ನಾನು ಕೊಟ್ಟದ್ದು ನಿನ್ನ ಕೈಯಲ್ಲಿ ಅಲ್ವಾ?”

ಗೋಡೆ ಹಿಡಿದು, ಅಮ್ಮನ ಹೆಗಲು ಹಿಡಿದು ಎದ್ದರು. ಕಲ್ಲಿನ ಹತ್ತಿರ ಬಂದು ನಿಂತರು. ಅಕ್ಕ ಅಷ್ಟರಲ್ಲಿ ಭರಣಿಯನ್ನು ಎತ್ತಿ ಬದಿಗಿಟ್ಟು, ಅಂಗೈಯ ಅಂಚಿನಿಂದ ತಿಳಿಯನ್ನು ಬೋಗುಣಿಗೆ ಬಳಿದು, ಒಂದು ಕೊಡಪಾನ ನೀರು ಹೊಯ್ದು, ಬಟ್ಟೆಯಲ್ಲಿ ಒರೆಸಿ ಮುಗಿಸಿದ್ದಳು. ನಾನು ಇದನ್ನು ಬರೆಯುವುದಕ್ಕೆ ತೆಗೆದುಕೊಂಡಷ್ಟು ಹೊತ್ತೂ ಅವಳಿಗೆ ಬೇಕಾಗಲಿಲ್ಲ. ಕಲ್ಲು ಮೊದಲಿನಂತೆ ಕಪ್ಪಗೆ, ಖಾಲಿಯಾಗಿ ಹೊಳೆಯಿತು.

“ಶಾರದೆ, ನೀನು ಬಸಿಯುವಾಗ ಕಣ್ಣು ಮುಚ್ಚಿದ್ದೆ ಅಲ್ವಾ?”

“ಹೌದು ಅತ್ತೆ. ಹಬೆ ತಾಗ್ತದೆ.”

“ದಿನಾ ಹಾಗೆಯಾ?”

“ದಿನಾ.”

“ಹಾಗಾದ್ರೆ ದಿನಾ ಅಲ್ಲಿ ಎಂತದೂ ಇರುದಿಲ್ಲ ಅಂತ ಆಯ್ತು. ಇದ್ದಿದ್ರೆ ನೀನು ಕಣ್ಣು ಮುಚ್ಚುವ ಧೈರ್ಯ ಮಾಡ್ತಿರ್ಲಿಲ್ಲ.” ಅವರು ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಊರಿದರು. ಭಾರ ಬಿಟ್ಟು ನಿಂತರು. “ತಂಪು ಉಂಟು” ಎಂದರು. ನಲವತ್ತು ವರ್ಷ ನೆಲದ ಒಲೆಯ ಮುಂದೆ ಕುಳಿತೆದ್ದ ಮೊಣಕಾಲು ಅವರದು. ಕೂರುವಾಗ ಒಮ್ಮೆ, ಏಳುವಾಗ ಒಮ್ಮೆ ದೇವರನ್ನು ಕರೆಯದೆ ಅವರ ದಿನ ಹೋಗುತ್ತಿರಲಿಲ್ಲ.

ಆಮೇಲೆ ಅವರು ಕೇಳಿದ್ದು ಬಾಳೆಯ ನಾರು. ನಾನೇ ಓಡಿ ತಂದೆ. ನೆಲದಿಂದ ಸೊಂಟದವರೆಗೆ ಹಿಡಿಸಿ ಗಂಟು ಹಾಕಿ ಮಗನ ಕೈಗೆ ಕೊಟ್ಟರು. “ಇಷ್ಟು ಎತ್ತರ. ಗಾರೆಯವನಿಗೆ ಹೇಳು.”

ಅಳತೆ ತೆಗೆದದ್ದು ಅಕ್ಕನ ಸೊಂಟಕ್ಕಲ್ಲ, ಅವರ ಸೊಂಟಕ್ಕೆ! ಅವರು ಅಕ್ಕನಿಗಿಂತ ಮೋಟು. ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ಅವರ ಕಡೆ ಒಂದು ನೋಟ ಬಿಟ್ಟಳು. ಅವರು ಬಾಯಿ ಮುಚ್ಚಿ, ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟರು.

ಹೊರಡುವಾಗ ಅತ್ತೆ ಮೆಟ್ಟಿಲಲ್ಲಿ ನಿಂತು ನನ್ನ ಕಡೆ ತಿರುಗಿದರು. “ಶಾರದೆ ಬರ್ಲಿ. ಆದ್ರೆ ನೀನು ಮಾತ್ರ ನಮ್ಮ ಅಡಿಗೆಮನೆಯ ಹೊಸ್ತಿಲು ದಾಟ್ಲಿಕ್ಕಿಲ್ಲ. ಗೊತ್ತಾಯ್ತಾ?” ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮುಸುರೆಯಾದ ಭರಣಿಯ ಉಪ್ಪಿನಕಾಯಿಯನ್ನು ನಾವು ಆ ವರ್ಷ ತಿಂದೆವು. ಒಂದೊಂದು ಮಿಡಿ ಕಚ್ಚುವಾಗಲೂ ನನಗೆ ಒಂದು ವಿಷಯ ಕುಟುಕುತ್ತಿತ್ತು. ಅಕ್ಕ ಮನೆಯಲ್ಲಿದ್ದ ಆ ವರ್ಷ ನನ್ನ ಜೀವನದ ಸುಖದ ವರ್ಷ. ಅವಳು ಹೋಗುವುದು ನನಗೆ ಬೇಕಿತ್ತೇ? ಭರಣಿ ಅಲ್ಲಿ ಕುಳಿತದ್ದು ಬರೀ ಗಡಿಬಿಡಿಯಿಂದ ಎಂದು ಎದೆ ಮುಟ್ಟಿ ಹೇಳಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ಕೈ ಎದೆಯವರೆಗೆ ಬರುತ್ತದೆ, ಮಾತು ಬರುವುದಿಲ್ಲ. ಅಕ್ಕ ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅವಳು ಹೋಗಿ ಕೆಲವು ತಿಂಗಳ ಮೇಲೆ ನಾನು ರಾಮಕುಂಜಕ್ಕೆ ಹೋದೆ. ಬಸ್ಸು ಬದಲಿಸಿ, ಬದಲಿಸಿ, ಅಂತೂ ತಲುಪಿದೆ. ಸ್ನಾನ ಮಾಡಿ ಸೀರೆ ಬದಲಿಸಿ ಅಡಿಗೆಮನೆಯ ಹೊಸ್ತಿಲಿನ ಹೊರಗೆ ಶಿಸ್ತಾಗಿ ಕುಳಿತೆ. ಒಳಗೆ ಹೊಸ ಕಲ್ಲು. ಅಕ್ಕ ಸ್ವಲ್ಪ ಬಾಗಿ ನಿಂತು ಪತ್ರೊಡೆಗೆ ಕೆಸುವಿನ ಎಲೆ ಹರಡಿ ಹಿಟ್ಟು ಹಚ್ಚುತ್ತಿದ್ದಳು. ಬದಿಯಲ್ಲಿ ಅತ್ತೆ ನೆಟ್ಟಗೆ ನಿಂತು ಕಾಯಿ ತುರಿಯುತ್ತಿದ್ದರು. ಇಬ್ಬರಿಗೂ ಮಾತು ನಿಂತಿರಲಿಲ್ಲ. ಯಾರೋ ನೆಂಟರ ಮನೆಯ ಮದುವೆಯನ್ನು ಹಿಡಿದು ಜಾಲಾಡುತ್ತಿದ್ದರು.

ಕಲ್ಲಿನ ಮೇಲೆ ಎಲೆ, ಹಿಟ್ಟು ಬಿಟ್ಟರೆ ಏನೂ ಇಲ್ಲ. ಹಾಗಾದರೆ ಉಳಿದದ್ದನ್ನು ಎಲ್ಲಿಡುತ್ತಾರೆ ಎಂದು ನಾನು ನೋಡುತ್ತಿದ್ದ ಹಾಗೇ ಅಕ್ಕ ತಿರುಗಿ, “ಪದ್ದೂ, ಇದನ್ನು ಸ್ವಲ್ಪ ಹಿಡ್ಕೊ” ಎಂದು ಹುಣಸೆಹಣ್ಣಿನ ತಟ್ಟೆಯನ್ನು ನನ್ನ ಮಡಿಲಲ್ಲಿಟ್ಟಳು. ಹಿಂದೆಯೇ ಮೆಣಸಿನ ಬಟ್ಟಲು ಬಂತು. ಆಮೇಲೆ ಉಳಿದ ಕೆಸುವಿನ ಎಲೆಯ ಕಟ್ಟು, ಸೌಟು, ಕೊತ್ತಂಬರಿಯ ಡಬ್ಬಿ. ನಾನು ಅಲ್ಲಾಡುವಂತಿಲ್ಲ, ಅಲ್ಲಾಡಿದರೆ ಎಲ್ಲ ನೆಲಕ್ಕೆ. ಅಕ್ಕನಿಗೆ ನಗು ತಡೆಯಲಾಗುತ್ತಿಲ್ಲ, ಭುಜ ಕುಣಿಯುತ್ತಿದೆ. ನಾನೂ ನಗುವಂತಿಲ್ಲ, ಮೆಣಸಿನ ಬಟ್ಟಲು ಅಂಚಿನಲ್ಲಿದೆ.

ಅತ್ತೆ ತುರಿಯುವುದನ್ನು ನಿಲ್ಲಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇನ್ನೇನು ಬೈಗುಳ ಬಂತು ಎಂದುಕೊಂಡೆ. ಅವರು ಕಲ್ಲಿನ ಮೂಲೆಯಲ್ಲಿ ತಾವೇ ಮರೆತಿಟ್ಟಿದ್ದ ಬೆಲ್ಲದ ಡಬ್ಬಿಯನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದರು. ನನ್ನ ಮಡಿಲಲ್ಲಿ ಜಾಗ ಹುಡುಕಿದರು, ಎಲೆಯ ಕಟ್ಟನ್ನು ಒಂದಿಷ್ಟು ಆಚೆ ಸರಿಸಿದರು, ಡಬ್ಬಿಯನ್ನು ಅಲ್ಲಿಟ್ಟು, ಹಿಂದಿರುಗಿ ಹೋಗಿ ಕಾಯಿ ತುರಿಯತೊಡಗಿದರು.